‘ಗ್ರಬ್ ರೆಸ್ಕ್ಯೂ’ ಎಂದು ನಿಂತ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡದೆ ಸರಿಪಡಿಸಬಹುದೇ?

ಚಿತ್ರದುರ್ಗದ ನಿಮ್ಮ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 10 ಮತ್ತು ಉಬುಂಟು ಎಂಬ ಎರಡು ಓಎಸ್‌ಗಳೂ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳು) ಇದ್ದವೆಂದೂ, ಡಿ ಡ್ರೈವಿನಲ್ಲಿ ಜಾಗ ಸಾಲದೆ ಪಕ್ಕದ ಖಾಲಿ ಇ ಡ್ರೈವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಅಳಿಸಿ ಅದಕ್ಕೆ ಸೇರಿಸಿದಿರೆಂದೂ, ಮರುದಿನ ಕಪ್ಪು ಪರದೆಯಲ್ಲಿ ‘ನೋ ಸಚ್ ಪಾರ್ಟಿಷನ್’, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂದು ಬಂದು ನಿಂತಿತೆಂದೂ ಬರೆದಿದ್ದೀರಿ. ಅಂಗಡಿಯವರು ಪೂರ್ತಿ ಫಾರ್ಮ್ಯಾಟ್ ಮಾಡಬೇಕೆನ್ನುತ್ತಿದ್ದಾರೆ, ಮಕ್ಕಳ ಫೋಟೋಗಳು ಉಳಿಯುತ್ತವೆಯೇ ಎಂಬುದು ನಿಮ್ಮ ಪ್ರಶ್ನೆ.

ಫಾರ್ಮ್ಯಾಟ್ ಮಾಡಿಸಬೇಡಿ. ನೀವು ಹೇಳಿದಷ್ಟೇ ನಡೆದಿದ್ದರೆ ಫೋಟೋಗಳು ಇದ್ದಲ್ಲೇ ಇವೆ. ನಾನು ಕಂಪ್ಯೂಟರ್ ಓದಿದವನಲ್ಲ. ದಾವಣಗೆರೆಯ ವಿದ್ಯಾನಗರದ ಮನೆಯಲ್ಲಿ ನುಡಿ ತಂತ್ರಾಂಶಕ್ಕೆಂದು ವಿಂಡೋಸನ್ನೂ ಉಳಿದ ಕೆಲಸಕ್ಕೆ ಉಬುಂಟುವನ್ನೂ ಇಟ್ಟುಕೊಂಡವನು. ಇದೇ ತಪ್ಪನ್ನು ಇದೇ ಕ್ರಮದಲ್ಲಿ ಮಾಡಿ ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದರಿಂದ ಬರೆಯುತ್ತಿದ್ದೇನೆ.

ಕಂಪ್ಯೂಟರ್ ಶುರುವಾದಾಗ ಯಾವ ಓಎಸ್ ಬೇಕೆಂದು ಮೆನು ತೋರಿಸಿ ಅದನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮೇ ಗ್ರಬ್. ಡಿಸ್ಕನ್ನು ಪಾರ್ಟಿಷನ್ನುಗಳಾಗಿ, ಅಂದರೆ ಪಾಲುಗಳಾಗಿ, ಹಂಚುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಬೂಟ್ ಕೋಡಿಗೆ ಸಿಗುವುದು 446 ಬೈಟು ಮಾತ್ರ. ಅದರ ಬೆನ್ನಿಗಿರುವ ಖಾಲಿ ಜಾಗದಲ್ಲಿ ಗ್ರಬ್ ತನ್ನ ಇನ್ನೊಂದು ಸಣ್ಣ ತುಂಡನ್ನು ಇಟ್ಟುಕೊಳ್ಳುತ್ತದೆ. ಮೆನು ಮತ್ತು ಮಾಡ್ಯೂಲುಗಳೆಂಬ ಉಳಿದ ತುಂಡುಗಳೆಲ್ಲ ಇರುವುದು ಉಬುಂಟುವಿನ ಪಾರ್ಟಿಷನ್ನಿನಲ್ಲಿ, ಆ ಪಾರ್ಟಿಷನ್ನಿನ ನಂಬರು ಮಾತ್ರ ಈ ಸಣ್ಣ ತುಂಡಿನಲ್ಲಿ ಬರೆದಿರುತ್ತದೆ. ಎಂಬಿಆರ್‌ನಲ್ಲಿ ಪ್ರೈಮರಿ ಪಾರ್ಟಿಷನ್ನುಗಳಿಗೆ (ಮುಖ್ಯ ಪಾಲುಗಳಿಗೆ) ನಾಲ್ಕೇ ಸ್ಥಾನಗಳಿರುವುದರಿಂದ, ಅವುಗಳಲ್ಲೊಂದರ ಒಳಗೆ ಮಾಡುವ ಲಾಜಿಕಲ್ ಪಾರ್ಟಿಷನ್ನುಗಳ ಎಣಿಕೆ 5ರಿಂದ ಶುರುವಾಗುತ್ತದೆ. ನಿಮ್ಮಲ್ಲಿ ಡಿ 5, ಇ 6, ಉಬುಂಟು 7 ಆಗಿದ್ದಿರಬಹುದು. ಇ ಹೋದ ಕೂಡಲೇ ಉಬುಂಟು 6 ಆಯಿತು, ಗ್ರಬ್ ಮಾತ್ರ ಇನ್ನೂ 7ನ್ನೇ ಹುಡುಕುತ್ತಿದೆ. ಬೀದಿಯ ಮನೆ ನಂಬರುಗಳನ್ನು ಬದಲಿಸಿದ ಮೇಲೆ ಹಳೆಯ ಲಗ್ನಪತ್ರಿಕೆ ಹಿಡಿದು ಬಂದ ನೆಂಟನ ಪಾಡು ಅದರದು. ಮದುವೆ ಮನೆ ಎಲ್ಲಿಗೂ ಹೋಗಿಲ್ಲ.

ಆ ಕಪ್ಪು ಪರದೆಯಲ್ಲೇ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ಎಲ್‌ಎಸ್’ ಎಂದು ಬರೆದು ಎಂಟರ್ ಒತ್ತಿರಿ. ‘ಎಚ್‌ಡಿ0’, ‘ಎಚ್‌ಡಿ0, ಎಂಎಸ್‌ಡಾಸ್6’ ಮುಂತಾದ ಹೆಸರುಗಳು ಕಂಸದೊಳಗೆ ಕಾಣುತ್ತವೆ. ಗ್ರಬ್‌ನಲ್ಲಿ ಡಿಸ್ಕಿನ ಎಣಿಕೆ ಸೊನ್ನೆಯಿಂದ, ಪಾರ್ಟಿಷನ್ನಿನ ಎಣಿಕೆ ಒಂದರಿಂದ; ನಾನು ಅರ್ಧ ಗಂಟೆ ಎಡವಿದ್ದು ಇಲ್ಲೇ. ‘ಎಲ್‌ಎಸ್’ ಬರೆದು, ಒಂದು ಜಾಗ ಬಿಟ್ಟು, ಒಂದೊಂದೇ ಹೆಸರನ್ನು ಕಂಸದ ಸಮೇತ ಕೊಡುತ್ತಾ ಹೋಗಿ. ವಿಂಡೋಸಿನ ಪಾರ್ಟಿಷನ್ನುಗಳಿಗೆ ಫೈಲ್‌ಸಿಸ್ಟಮ್ (ಕಡತಗಳನ್ನು ಜೋಡಿಸಿಡುವ ಕ್ರಮ) ಗೊತ್ತಿಲ್ಲ ಎಂಬ ಉತ್ತರ ಬರುತ್ತದೆ, ಉಬುಂಟುವಿನದಕ್ಕೆ ‘ಎಕ್ಸ್ಟ್2’ ಎಂದು ಬರುತ್ತದೆ. ನಿಮ್ಮದು ಅದರ ಹೊಸ ರೂಪವಾದ ಎಕ್ಸ್ಟ್4 ಆಗಿದ್ದರೂ ಗ್ರಬ್ ಹಾಗೆಯೇ ಕರೆಯುವುದರಿಂದ ಗಾಬರಿ ಬೇಡ.

ಆ ಪಾರ್ಟಿಷನ್ ಸಿಕ್ಕ ಮೇಲೆ ‘ಸೆಟ್’ ಆಜ್ಞೆಯಿಂದ ‘ರೂಟ್’ ಎಂಬುದಕ್ಕೆ ಆ ಹೆಸರನ್ನೂ, ‘ಪ್ರಿಫಿಕ್ಸ್’ ಎಂಬುದಕ್ಕೆ ಅದೇ ಹೆಸರಿನ ನಂತರ ಓರೆಗೆರೆ, ಬೂಟ್, ಓರೆಗೆರೆ, ಗ್ರಬ್ ಎಂಬ ದಾರಿಯನ್ನೂ ಕೊಡಿ. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬಾರದು. ಬಳಿಕ ‘ಇನ್ಸ್‌ಮಾಡ್ ನಾರ್ಮಲ್’, ಅದು ತಕರಾರಿಲ್ಲದೆ ಮುಗಿದರೆ ‘ನಾರ್ಮಲ್’. ಹಳೆಯ ಮೆನು ಮೂಡುತ್ತದೆ. ಮೆನುವಿನೊಳಗಿನ ನಮೂದುಗಳು ಪಾರ್ಟಿಷನ್ನನ್ನು ಯುಯುಐಡಿ ಎಂಬ ಬದಲಾಗದ ಗುರುತಿನಿಂದ ಗುರುತಿಸುವುದರಿಂದ ನಂಬರು ಬದಲಾದರೂ ಉಬುಂಟು ಏಳುತ್ತದೆ.

ಎದ್ದ ಕೂಡಲೇ ಮೊದಲು ಫೋಟೋಗಳನ್ನು ಬೇರೊಂದು ಡ್ರೈವಿಗೆ ನಕಲು ಮಾಡಿಕೊಳ್ಳಿ. ಇಲ್ಲಿಯವರೆಗೆ ಮಾಡಿದ್ದು ಕಂಪ್ಯೂಟರ್ ಆರಿಸಿದರೆ ಅಳಿದುಹೋಗುತ್ತದೆ. ಶಾಶ್ವತವಾಗಲು ಟರ್ಮಿನಲ್ಲಿನಲ್ಲಿ ಸುಡೋ (ಆಡಳಿತಗಾರನ ಅಧಿಕಾರ ಕೊಡುವ ಪದ) ಸಹಿತ ‘ಗ್ರಬ್-ಇನ್‌ಸ್ಟಾಲ್’ ಕೊಟ್ಟು, ನಂತರ ‘ಅಪ್‌ಡೇಟ್-ಗ್ರಬ್’ ಕೊಡಬೇಕು. ಗ್ರಬ್-ಇನ್‌ಸ್ಟಾಲಿಗೆ ಇಡೀ ಡಿಸ್ಕಿನ ಹೆಸರು, ಅಂದರೆ ಸಾಮಾನ್ಯವಾಗಿ ‘ಎಸ್‌ಡಿಎ’, ಕೊಡಬೇಕೇ ಹೊರತು ‘ಎಸ್‌ಡಿಎ6’ ಎಂದು ಪಾರ್ಟಿಷನ್ನಿನ ಹೆಸರು ಕೊಡಬಾರದು. ಗ್ರಬ್ 2.06ರಿಂದ ಈಚೆಗೆ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡದಿರುವುದರಿಂದ, ಹೊಸ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗ್ರಬ್‌ನ ಡಿಫಾಲ್ಟ್ ಕಡತದಲ್ಲಿ ಅದನ್ನು ತಡೆಯುವ ಸಾಲಿಗೆ ‘ಫಾಲ್ಸ್’ ಎಂದು ಬರೆದು ಮತ್ತೊಮ್ಮೆ ಅಪ್‌ಡೇಟ್ ಮಾಡಿ.

ಅಂದು ನಾನು ಒಬ್ಬರ ಮಾತು ಕೇಳಿ ವಿಂಡೋಸ್ ಡಿಸ್ಕ್ ಹಾಕಿ ‘ಫಿಕ್ಸ್‌ಎಂಬಿಆರ್’ ಓಡಿಸಿದೆ. ವಿಂಡೋಸ್ ತೆರೆಯಿತು, ಆದರೆ ಎಂಬಿಆರ್‌ನಲ್ಲಿದ್ದ ಗ್ರಬ್‌ನ ಮೇಲೆ ವಿಂಡೋಸಿನ ಕೋಡ್ ಬರೆದುಕೊಂಡು ಉಬುಂಟುವಿನ ಬಾಗಿಲೇ ಮುಚ್ಚಿತು; ಮತ್ತೆ ತೆರೆಯಲು ಪೆನ್‌ಡ್ರೈವಿನಿಂದ ಲೈವ್ ಉಬುಂಟು (ಡಿಸ್ಕಿಗೆ ಅಳವಡಿಸದೆ ನೇರವಾಗಿ ಓಡುವ ಉಬುಂಟು) ಓಡಿಸಬೇಕಾಯಿತು. ಇವತ್ತೇ ವಿಂಡೋಸ್ ಬೇಕೇಬೇಕು ಎಂಬ ಅವಸರವಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಒಂದು ವೇಳೆ ಯಾವ ಪಾರ್ಟಿಷನ್ನಿಗೂ ‘ಎಕ್ಸ್ಟ್2’ ಎಂದು ಬರದಿದ್ದರೆ, ಇ ಜೊತೆಗೆ ಉಬುಂಟುವಿನದೂ ಅಳಿಸಿಹೋಗಿರುವ ಸಾಧ್ಯತೆ ಇದೆ. ಆಗ ಡಿಸ್ಕಿಗೆ ಹೊಸದೇನನ್ನೂ ಬರೆಯದೆ, ಲೈವ್ ಪೆನ್‌ಡ್ರೈವಿನಿಂದ ಮೊದಲು ಡಿ ಡ್ರೈವಿನ ಕಡತಗಳನ್ನು ಹೊರಗೆ ತೆಗೆದು, ಬಳಿಕ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶದಿಂದ ಕಳೆದ ಪಾರ್ಟಿಷನ್ ಹುಡುಕಬೇಕು. ಹೆಸರುಗಳಲ್ಲಿ ‘ಎಂಎಸ್‌ಡಾಸ್’ ಬದಲು ‘ಜಿಪಿಟಿ’ (ಎಂಬಿಆರ್‌ನ ಬದಲಿಗೆ ಬಂದ ಹೊಸ ಪದ್ಧತಿ) ಎಂದು ಕಂಡರೆ ನನ್ನ ವಿವರಣೆ ನಿಮ್ಮ ಯಂತ್ರಕ್ಕೆ ಪೂರ್ತಿ ಹೊಂದುವುದಿಲ್ಲ. ಕರೆಂಟು ಯಾವಾಗ ಹೋಗುತ್ತದೆಂದು ನಮ್ಮ ಕಡೆ ಹೇಳಲಾಗದು, ಯುಪಿಎಸ್ ಇಲ್ಲದೆ ಪಾರ್ಟಿಷನ್ ಕೆಲಸಕ್ಕೆ ಕೈ ಹಾಕಬೇಡಿ.

‘ಎಲ್‌ಎಸ್’ ಬರೆದಾಗ ಬಂದ ಸಾಲನ್ನು ಹಾಗೆಯೇ ಇಲ್ಲಿ ಬರೆದರೆ, ಯಾವ ನಂಬರು ಹಾಕಬೇಕೆಂದು ನೋಡಿ ಹೇಳುತ್ತೇನೆ.