ಹಳೇ ಸ್ವಿಫ್ಟ್ ಡೀಸೆಲ್‌ಗೆ ಬೂಸ್ಟ್ ಗೇಜ್: ಪಾಡ್ ಎಲ್ಲಿ, ಹೇಗೆ ಕೂರಿಸಬೇಕು?

ನಿಮ್ಮ 2010ರ ಸ್ವಿಫ್ಟ್ ಡೀಸೆಲ್‌ಗೆ 52 ಮಿ.ಮೀ. ಬೂಸ್ಟ್ ಗೇಜ್ (ಟರ್ಬೋ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ ತೋರಿಸುವ ಮೀಟರ್) ತರಿಸಿದ್ದೀರಿ, ಜೊತೆಗೆ ಎರಡು ಗೇಜ್ ಹಿಡಿಯುವ ಪಿಲ್ಲರ್ ಪಾಡ್, ಅಂದರೆ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಕೂರಿಸುವ ಗೇಜಿನ ಗೂಡು. ಕಾರಿನ ಒಳಗಡೆ ಹಾಳಾಗದ ಹಾಗೆ ಕೂರಿಸೋದು ಹೇಗೆ ಅಂತ ಕೇಳಿದ್ದೀರಿ. ನನ್ನದೂ ಅದೇ 1.3 ಡೀಸೆಲ್ ಎಂಜಿನ್ನಿನ ಕಾರು. ಈ ಕೆಲಸ ಎರಡು ಸಲ ಮಾಡಿದ್ದೇನೆ, ಯಾಕಂದ್ರೆ ಮೊದಲನೇ ಸಲ ಕೆಡಿಸಿದ್ದೆ. ಹಾಗಾಗಿ ನನ್ನ ಮಾತು ಇಷ್ಟೇ: ಡ್ರಿಲ್ ಇವತ್ತೇ ಕೈಗೆ ತಗೋಬೇಡಿ.

ಮೊದಲು ಪಾಡನ್ನು ಪೇಪರ್ ಟೇಪಿನಲ್ಲಿ ಅಂಟಿಸಿ. ಸೀಟನ್ನು ದಿನಾ ಓಡಿಸುವ ಜಾಗಕ್ಕೆ ತಂದು, ಬೆಲ್ಟ್ ಹಾಕಿ ಕೂತ್ಕೊಳ್ಳಿ. ಈಗ ಬಲಕ್ಕೆ ತಿರುಗುವವರ ಹಾಗೆ ನೋಡಿ. ನಮ್ಮ ಕಾರಿನಲ್ಲಿ ಡ್ರೈವರ್ ಬಲಗಡೆ ಇರುವುದರಿಂದ ಆ ಪಿಲ್ಲರ್ ಮೊದಲೇ ಸ್ವಲ್ಪ ರಸ್ತೆ ನುಂಗುತ್ತದೆ. ಅದರ ಮೇಲೆ ಎರಡು ಗೇಜ್ ಕೂತರೆ ಸರ್ಕಲ್‌ನಲ್ಲಿ ಬರುವ ಒಂದು ಸ್ಕೂಟರ್ ಪೂರ್ತಿ ಮರೆಯಾಗುತ್ತದೆ. ಹೆಂಡತಿಯನ್ನೋ ಸ್ನೇಹಿತರನ್ನೋ ಹೊರಗೆ ನಡೆದು ಬರಲು ಹೇಳಿ, ನೀವೇ ನೋಡಿ. ರಾತ್ರಿ ಒಂದು ಸುತ್ತು ಓಡಿಸಿ, ಗೇಜಿನ ದೀಪ ಗಾಜಿನಲ್ಲಿ ಬಿಂಬ ಬೀಳುತ್ತದಾ ಅಂತಲೂ ನೋಡಬೇಕು. ನನ್ನನ್ನು ಕೇಳಿದರೆ ಒಂದೇ ಗೇಜಿನ ಪಾಡ್ ತಗೊಂಡು, ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಕೆಳಗೆ ಕೂರಿಸಿ.

ನಿಮ್ಮ ಕಾರಿನ ಪಿಲ್ಲರಿನಲ್ಲಿ ಏರ್‌ಬ್ಯಾಗ್ ಇಲ್ಲ, ಅದಕ್ಕೇ ಈ ಜಾಗ ಹೇಳ್ತಾ ಇದ್ದೇನೆ. ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗಳ ಮೇಲೆ ಪರದೆಯ ಹಾಗೆ ಬಿಚ್ಚಿಕೊಳ್ಳುವ ಬ್ಯಾಗ್) ಇರುವ ಹೊಸ ಕಾರಿನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಪಿಲ್ಲರ್ ಮುಟ್ಟಬೇಡಿ. ಬ್ಯಾಗ್ ಬಿಚ್ಚಿಕೊಂಡಾಗ ಪಾಡ್ ಕಲ್ಲಿನ ಹಾಗೆ ಮುಖಕ್ಕೆ ಬರುತ್ತದೆ.

ಪಿಲ್ಲರಿನ ಒರಿಜಿನಲ್ ಟ್ರಿಮ್‌ಗೆ, ಅಂದರೆ ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ, ತೂತು ಹೊಡೆಯಲೇಬೇಡಿ. ಗುಜರಿಯಲ್ಲಿ ಅದೇ ಮಾಡೆಲ್ಲಿನ ಹಳೇ ಟ್ರಿಮ್ ಹುಡುಕಿ. ಬೆಂಗಳೂರಿನವರಾದರೆ ಶಿವಾಜಿನಗರದ ಕಡೆ ಕೇಳಿ ನೋಡಿ. ಪಾಡನ್ನು ಅದಕ್ಕೆ ಹಾಕಿ, ಒರಿಜಿನಲ್ಲನ್ನು ಬಟ್ಟೆ ಸುತ್ತಿ ಮನೆಯಲ್ಲಿಡಿ. ಕಾರು ಮಾರುವಾಗ ಐದು ನಿಮಿಷದ ಕೆಲಸ.

ಬಾಗಿಲ ರಬ್ಬರ್ ಬೀಡಿಂಗ್ ಎಳೆದರೆ ಟ್ರಿಮ್‌ನ ಅಂಚು ಕಾಣುತ್ತದೆ. ಹಳೇ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ಮೆಲ್ಲಗೆ ಮೀಟಿ. ಸ್ಕ್ರೂಡ್ರೈವರ್ ಬೇಡ, ಗೀರು ಬೀಳುತ್ತದೆ. ತೂತು ಹೊಡೆಯೋದು, ಸ್ಕ್ರೂ ಹಾಕೋದು ಎಲ್ಲಾ ಟ್ರಿಮ್ಮನ್ನು ಮೇಜಿನ ಮೇಲೆ ಇಟ್ಕೊಂಡೇ ಮಾಡಿ. ನಾನು ಮೊದಲ ಸಲ ಕಾರಿನಲ್ಲೇ ಡ್ರಿಲ್ ಮಾಡಿದ್ದೆ. ಸ್ಕ್ರೂ ಹಿಂದಿನ ಆಂಟೆನಾ ವೈರಿಗೆ ಚುಚ್ಚಿ, ರೇಡಿಯೋ ತುಂಬಾ ಬರೀ ಗೊರಗೊರ. ಡ್ರಿಲ್ ನಿಧಾನಕ್ಕೆ ತಿರುಗಲಿ, ಜೋರಾದರೆ ಪ್ಲಾಸ್ಟಿಕ್ ಕರಗಿ ತೂತಿನ ಅಂಚು ಗಂಟುಗಂಟಾಗುತ್ತದೆ. ಪಾಡ್ ಸರಿಯಾಗಿ ಕೂರದಿದ್ದರೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಬಗ್ಗಿಸಿ. ಸ್ಕ್ರೂ ಬೇಡ, ಟೇಪೇ ಸಾಕು ಅಂದರೆ ವಿಎಚ್‌ಬಿ ಟೇಪ್ (ಎರಡೂ ಬದಿ ಗಟ್ಟಿಯಾಗಿ ಅಂಟುವ ಟೇಪ್) ತಗೊಳ್ಳಿ. ಪಾಡ್, ಟ್ರಿಮ್ ಎರಡನ್ನೂ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಟೇಪ್ ಅಂಟಿಸಿ, ಬಿಗಿಯಾಗಿ ಒತ್ತಿ, 72 ಗಂಟೆ ಬಿಡಿ. ಅದರ ಪೂರ್ತಿ ಹಿಡಿತ ಬರೋದೇ ಅಷ್ಟು ಹೊತ್ತಿಗೆ. ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ ಜಾಗದಲ್ಲಿ ಯಾವ ಟೇಪೂ ನಿಲ್ಲಲ್ಲ.

ಗೇಜ್ ಸಡಿಲ ಅನ್ನಿಸಿದರೆ ಅದರ ಮೈಗೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಸುತ್ತಿ ಒತ್ತಿ. ಗಟ್ಟಿ ಮಾಡುವ ಮೊದಲು ಗೇಜನ್ನು ತಿರುಗಿಸಿ, ಎಂಜಿನ್ ಜೋರಾಗಿ ಎಳೆಯುವಾಗ ಮುಳ್ಳು ನೇರ ಮೇಲಕ್ಕೆ ಬರುವ ಹಾಗೆ ಇಡಿ. ಅಂಕಿ ಸೊಟ್ಟಗೆ ಕಂಡರೂ ಪರವಾಗಿಲ್ಲ. ಅಂಕಿ ಓದದೆ, ಮುಳ್ಳು ನಿಂತಿದೆಯಾ ವಾಲಿದೆಯಾ ಅನ್ನೋದು ಒಂದು ಕಣ್ಣೋಟಕ್ಕೇ ಗೊತ್ತಾಗುತ್ತದೆ.

ವೈರಿಂಗ್ ಸುಲಭ. ಇಗ್ನಿಷನ್ ಆನ್ ಆದಾಗ ಕರೆಂಟ್ ಬರುವ ಫ್ಯೂಸಿನಿಂದ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಿಂದಲೇ ಇನ್ನೊಂದು ವೈರ್ ತೆಗೆಯುವ ಕನೆಕ್ಟರ್) ಹಾಕಿ ತಗೊಳ್ಳಿ, ಅರ್ತನ್ನು ಬಾಡಿಯ ಬೋಲ್ಟಿಗೆ ಕೊಡಿ. ಸೆನ್ಸರ್ ವೈರನ್ನು ಫೈರ್‌ವಾಲಿನ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ರಬ್ಬರ್ ಗ್ರೊಮೆಟ್ ಒಳಗಿಂದಲೇ ತನ್ನಿ, ಪೆಡಲ್‌ನಿಂದ ದೂರ ಕಟ್ಟಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಟರ್ಬೋದ ವೇಸ್ಟ್‌ಗೇಟ್ (ಬೂಸ್ಟ್ ಹೆಚ್ಚಾದಾಗ ತೆರೆದು ಅದನ್ನು ಮಿತಿಯಲ್ಲಿಡುವ ಬಾಗಿಲು) ಆಕ್ಚುಯೇಟರಿಗೆ ಹೋಗುವ ಹೋಸನ್ನು ಕತ್ತರಿಸಿ, ಗೇಜಿಗೆ ಒತ್ತಡ ತಗೊಳ್ಳಲು ಅಲ್ಲಿ ಟೀ ಜಾಯಿಂಟ್ ಹಾಕಲು ಮೆಕ್ಯಾನಿಕ್ ಹೊರಟರೆ ಬೇಡ ಅನ್ನಿ. ಅಲ್ಲಿ ಗಾಳಿ ಲೀಕ್ ಆದರೆ ವೇಸ್ಟ್‌ಗೇಟ್ ಸಮಯಕ್ಕೆ ತೆರೆಯಲ್ಲ, ಬೂಸ್ಟ್ ಮಿತಿ ಮೀರುತ್ತದೆ.

ಎಲ್ಲಾ ಮುಗಿದ ಮೇಲೆ ಎಂಜಿನ್ ಆಫ್ ಇದ್ದಾಗಲೂ ಮುಳ್ಳು ಸೊನ್ನೆಗಿಂತ ಸ್ವಲ್ಪ ಕೆಳಗೆ ನಿಂತರೆ ಗಾಬರಿಯಾಗಬೇಡಿ. ಕೆಲವು ಎಲೆಕ್ಟ್ರಾನಿಕ್ ಗೇಜುಗಳು ಸಮುದ್ರ ಮಟ್ಟದ ಗಾಳಿಯ ಒತ್ತಡವನ್ನೇ ಸೊನ್ನೆ ಅಂತ ಹಿಡಿಯುತ್ತವೆ. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ, ಅಲ್ಲಿ ಒತ್ತಡ ಹೆಚ್ಚುಕಡಿಮೆ 0.1 ಬಾರ್ ಕಮ್ಮಿ. ನನ್ನದೂ ಹಾಗೇ ತೋರಿಸುತ್ತಿತ್ತು, ಗೇಜ್ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಟಿದ್ದೆ. ಶಿರಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ಕಾರು ನಿಲ್ಲಿಸಿ ಕೀ ಆನ್ ಮಾಡಿದಾಗ ಮುಳ್ಳು ಸರಿಯಾಗಿ ಸೊನ್ನೆಯ ಮೇಲಿತ್ತು.