2012ರ ಲಾರಿಗೆ ಯಾವ ರಿಪೇರಿ ಮ್ಯಾನುಯಲ್ ಒಳ್ಳೆಯದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಬೇಡಿ. ಉಡುಪಿಯಲ್ಲಿ ಓಡಿಸಲು ಸೆಕೆಂಡ್ ಹ್ಯಾಂಡ್ 14 ಅಡಿ ಗಾಡಿ, ಗ್ಯಾರೇಜಿನ ಬಿಲ್ ನೋಡಿ ತಲೆಬಿಸಿ, ಒಂದು ಒಳ್ಳೆ ಮ್ಯಾನುಯಲ್ ಸಿಕ್ಕಿದರೆ ಎಲ್ಲ ನಾನೇ ಮಾಡಿಕೊಳ್ಳುತ್ತೇನೆ ಅನ್ನುವ ಧೈರ್ಯ. ಏಳು ವರ್ಷದ ಹಿಂದೆ ನಾನೂ ಅಲ್ಲೇ ಇದ್ದೆ.

ನನ್ನದು ಮಲ್ಪೆಯಿಂದ ಮೀನು ಸಾಗಿಸುವ ಗಾಡಿ. ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೆ ರಜೆ, ಹಾಗಾಗಿ ಗಾಡಿಗೂ ರಜೆ. ಆ ಮಳೆಗಾಲ ಅಂಗಳದಲ್ಲಿ ಟರ್ಪಾಲು ಕಟ್ಟಿ, ಮೊಬೈಲಿಗೆ ಒಂದು ಪಿಡಿಎಫ್ ಇಳಿಸಿಕೊಂಡು ಶುರು ಮಾಡಿದೆ. ಆಯಿಲ್, ಫಿಲ್ಟರ್, ಬೆಲ್ಟ್, ಗ್ರೀಸ್ ಎಲ್ಲ ಚಂದ ಆಯ್ತು. ಚಂದ ಆದದ್ದೇ ತಪ್ಪಾಯ್ತು. ಟ್ಯಾಪೆಟ್‌ಗೂ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು ಸೆಟ್ ಮಾಡುವುದಕ್ಕೂ, ಕೈ ಹಾಕಿದೆ.

ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ. ನನ್ನ ಎಂಜಿನ್ ತಣ್ಣಗಿರುವಾಗ ಗಾಳಿ ಒಳಗೆ ಬಿಡುವ ಇನ್‌ಲೆಟ್ ವಾಲ್ವಿಗೆ 0.30 ಮಿ.ಮೀ. ಸಂದು, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿಗೆ 0.50. (ನಿಮ್ಮದಕ್ಕೆ ಬೇರೆ ಇರಬಹುದು, ಇದನ್ನೇ ಹಾಕಿಬಿಡಬೇಡಿ.) ಎಕ್ಸಾಸ್ಟ್ ವಾಲ್ವ್ ಜಾಸ್ತಿ ಕಾಯುತ್ತದೆ, ಕಾದಷ್ಟೂ ಉದ್ದ ಆಗುತ್ತದೆ, ಅದಕ್ಕೇ ಅದಕ್ಕೆ ಜಾಗ ಜಾಸ್ತಿ. ಚಿತ್ರದಲ್ಲಿ ಎಂಟು ವಾಲ್ವ್ ಸಾಲಾಗಿ ಇದ್ದವು. ಎಡದಿಂದ ಇನ್‌ಲೆಟ್, ಎಕ್ಸಾಸ್ಟ್, ಇನ್‌ಲೆಟ್, ಎಕ್ಸಾಸ್ಟ್, ಹೀಗೆ ಕೊನೆವರೆಗೆ. ಆ ಚಿತ್ರದಲ್ಲಿ ಫ್ಯಾನ್ ಎಡಗಡೆ. ನಾನು ಕ್ಯಾಬಿನ್ ಎತ್ತಿ ನಿಂತದ್ದು ಡ್ರೈವರ್ ಬಾಗಿಲಿನ ಕಡೆ. ಅಲ್ಲಿಂದ ಬಗ್ಗಿ ನೋಡಿದರೆ ಫ್ಯಾನ್ ಬಲಗಡೆ ಅಲ್ವಾ? ಮುಂಭಾಗ ಯಾವುದು ಅಂತ ತೋರಿಸುವ ಬಾಣ ಚಿತ್ರದ ಮೂಲೆಯಲ್ಲಿ ಇತ್ತು. ಅಂಕಿ ಕಾಣಲಿ ಅಂತ ನಾನು ಝೂಮ್ ಮಾಡಿದ್ದೆ. ಬಾಣ ಸ್ಕ್ರೀನಿನಿಂದ ಆಚೆ ಹೋಗಿತ್ತು.

ಎಂಟಕ್ಕೆ ಎಂಟೂ ಅದಲು ಬದಲು. ಇನ್‌ಲೆಟ್‌ನ ಸಂದು ಎಕ್ಸಾಸ್ಟ್‌ಗೆ, ಎಕ್ಸಾಸ್ಟ್‌ನದ್ದು ಇನ್‌ಲೆಟ್‌ಗೆ.

ಮಧ್ಯದಲ್ಲಿ ಗೊತ್ತಾಗಲಿಲ್ಲವಾ ಅಂತ ಕೇಳುತ್ತೀರಿ. ಗೊತ್ತಾಗುವುದೇ ಇಲ್ಲ ಮಾರಾಯ್ರೆ! ನಾಲ್ಕು ಸಿಲಿಂಡರಿನಲ್ಲಿ 1 ಮತ್ತು 4ರ ಪಿಸ್ಟನ್ ಒಟ್ಟಿಗೆ ಮೇಲೆ ಬರುತ್ತವೆ, ಎಂಜಿನ್ ತಿರುಗಿಸುವಾಗ ನೋಡುವ ಮಾರ್ಕ್ ಕೂಡುವುದು ಎರಡಕ್ಕೂ ಒಂದೇ ಕಡೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ನಾನು ಹಿಂದಿನಿಂದ ಎಣಿಸಿದ್ದರಿಂದ ನಿಜವಾದ ಲೆಕ್ಕ 4-2-1-3 ಆಯ್ತು. ಒಂದು ಕಾಗದದಲ್ಲಿ ಬರೆದು ನೋಡಿ, ಅದೇ ಸುತ್ತು, ಶುರು ಆಗುವ ಜಾಗ ಮಾತ್ರ ಬೇರೆ. ಪ್ರತಿ ಅರ್ಧ ಸುತ್ತಿಗೆ ಎರಡು ರಾಕರ್ ಸಡಿಲ ಸಿಕ್ಕಿದವು. ನಾನು ಖುಷಿಯಲ್ಲಿ ಸಂದು ಅಳೆಯುವ ಫೀಲರ್ ಗೇಜ್ ತೂರಿಸುತ್ತಾ ಲಾಕ್ ನಟ್ ಬಿಗಿಯುತ್ತಾ ಹೋದೆ.

ಆಗಸ್ಟಿನಲ್ಲಿ ಗಾಡಿ ಹೊರಟಾಗ ಟಿಕ್ ಟಿಕ್ ಸದ್ದು ಇತ್ತು. ಇನ್‌ಲೆಟ್‌ಗೆ ಸಂದು ಜಾಸ್ತಿ ಆಗಿತ್ತಲ್ಲ, ಅದರದ್ದು. ಹೊಸದಾಗಿ ಸೆಟ್ ಮಾಡಿದ್ದಲ್ವಾ, ಸರಿ ಹೋಗುತ್ತದೆ ಅಂದುಕೊಂಡೆ. ಸದ್ದು ಮಾಡದೆ ಹಾಳಾಗುತ್ತಿದ್ದದ್ದು ಎಕ್ಸಾಸ್ಟ್. ಸಂದು ಸಾಲದೆ, ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ತಾನೇ ಅದರ ಬಿಸಿ ಅದು ಕೂರುವ ಸೀಟಿಗೆ ಇಳಿಯುವುದು?

ಡಿಸೆಂಬರಿನಲ್ಲಿ ಮೂರು ಟನ್ ಬಂಗುಡೆ ಹಾಕಿಕೊಂಡು ಬೆಂಗಳೂರಿಗೆ ಹೊರಟಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಎಳೆತ ಹೋಯ್ತು. ಫಸ್ಟ್ ಗೇರಿನಲ್ಲೂ ಗಾಡಿ ನಡುಗುತ್ತಿತ್ತು, ಸೈಲೆನ್ಸರಿನಿಂದ ಪುಸ್ ಪುಸ್ ಅಂತ ಗಾಳಿ. ರಾತ್ರಿ ಒಂದು ಗಂಟೆ. ಬದಿಗೆ ಹಾಕಿ ಕೂತರೆ ಐಸ್ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಬೆಳಗ್ಗೆ ಇನ್ನೊಂದು ಗಾಡಿಗೆ ಮೀನು ಏರಿಸಿದಾಗ ಅರ್ಧಕ್ಕೆ ರೇಟೇ ಇರಲಿಲ್ಲ.

ಹೆಡ್ (ಎಂಜಿನ್ನಿನ ಮೇಲಿನ ಭಾಗ, ವಾಲ್ವ್ ಇರುವುದು ಇದರಲ್ಲೇ) ಬಿಚ್ಚಿದರೆ ಎರಡು ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ಚಕ್ಕುಲಿ ಹಾಗೆ. ಗ್ಯಾರೇಜಿನ ಮೇಸ್ತ್ರಿ ಬೈಯಲಿಲ್ಲ. ರಾಕರ್ ಸಾಲು ನೋಡಿ ಕೇಳಿದ್ದು ಒಂದೇ: "ನೀವು ಎಲ್ಲಿ ನಿಂತು ಸೆಟ್ ಮಾಡಿದ್ದು?" ಅವರು ಪುಸ್ತಕ ನೋಡುವುದಿಲ್ಲ. ಎಕ್ಸಾಸ್ಟ್ ಪೈಪ್ ಹೆಡ್ಡಿಗೆ ಎಲ್ಲೆಲ್ಲಿ ಸೇರುತ್ತದೆ ಅಂತ ಬೆರಳಿಟ್ಟು ತೋರಿಸಿದರು, ಅದರ ನೇರಕ್ಕೆ ಇರುವುದು ಎಕ್ಸಾಸ್ಟ್ ವಾಲ್ವ್. ಮುಗಿಯಿತು. ಟ್ಯಾಪೆಟ್‌ಗೆ ಅವರು ಕೇಳುತ್ತಿದ್ದದ್ದು 800 ರೂಪಾಯಿ. ನನಗೆ ಬಿದ್ದದ್ದು ಹೆಡ್ ಕೆಲಸಕ್ಕೆ 26,000, ಮೀನಿನ ನಷ್ಟ ಬೇರೆ.

ಹಾಗಾಗಿ "ಯಾವ ಮ್ಯಾನುಯಲ್" ಅನ್ನುವ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ನನ್ನ ಪುಸ್ತಕದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಎಡ, ಬಲ, ಮುಂದೆ, ಹಿಂದೆ ಅಂದರೆ ಏನು ಅಂತ ಮೊದಲ ಪುಟಗಳಲ್ಲೇ ಬರೆದಿತ್ತು, ನಾನೇ ಹಾರಿಸಿದ್ದೆ. ದುಡ್ಡು ಉಳಿಸಲು ಅಂತ ಹೊರಟರೂ ಉಳಿಯುವುದಿಲ್ಲ, ಸ್ಪ್ಯಾನರು, ಟಾರ್ಕ್ ರೆಂಚಿಗೇ ಹೋಗುತ್ತದೆ. ಗ್ಯಾರೇಜಿನವರು ಏನು ಮಾಡಿದರು ಅಂತ ಅರ್ಥ ಆಗಬೇಕು ಅಂತಿದ್ದರೆ ಓದಿ.

ನನ್ನನ್ನು ಕೇಳಿದರೆ ವರ್ಕ್‌ಶಾಪ್ ಮ್ಯಾನುಯಲ್‌ಗಿಂತ ಮೊದಲು ಪಾರ್ಟ್ಸ್ ಕ್ಯಾಟಲಾಗ್ ಹಿಡಿಯಿರಿ. ಯಾವ ವಾಷರ್ ಯಾವುದರ ಹಿಂದೆ ಅಂತ ಅದರಲ್ಲಿ ಬಿಡಿಸಿ ಇಟ್ಟಿರುತ್ತಾರೆ. ಪ್ರಿಂಟ್ ತೆಗೆಸಿ, ಮೊಬೈಲ್ ಸಾಕು ಅನ್ನಬೇಡಿ. 2012ರ ಗಾಡಿ ಅಂದಿರಿ, ಡೀಸೆಲ್ಲಿಗೆ ಮೆಕ್ಯಾನಿಕಲ್ ಪಂಪ್ ಆಗಿದ್ದರೆ ಡೀಸೆಲ್ ಫಿಲ್ಟರ್ ಹಾಕಿ ಲೈನಿನ ಏರ್ ತೆಗೆಯುವುದು ನೀವೇ ಕಲಿಯಬಹುದು. ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ) ಆಗಿದ್ದರೆ ಇಂಜೆಕ್ಟರ್ ಪೈಪ್ ಮುಟ್ಟಬೇಡಿ, ಒಳಗೆ ಸಾವಿರ ಬಾರ್‌ಗೂ ಮೇಲೆ ಒತ್ತಡ ಉಂಟು.

ಮತ್ತೆ, ಉಡುಪಿಯಲ್ಲಿ ಓಡಿಸುತ್ತೀರಿ ಅಂದಮೇಲೆ ಪುಸ್ತಕದ ಕಿಲೋಮೀಟರ್ ಲೆಕ್ಕ ನಂಬಿ ಕೂರಬೇಡಿ. ಮೀನಿನ ಲೋಡ್ ಇದ್ದರೆ ಉಪ್ಪುನೀರು ಚಾಸಿ, ಯು-ಬೋಲ್ಟ್, ಬ್ರೇಕ್ ಪೈಪ್ ಮೇಲೇ ಇಳಿಯುತ್ತದೆ. ಟ್ರಿಪ್ ಮುಗಿದ ಕೂಡಲೇ ಅಡಿಗೆ ಸಿಹಿನೀರು ಹೊಡೆಯಿರಿ. ಇದಕ್ಕೆ ಮ್ಯಾನುಯಲ್ ಬೇಡ, ಪೈಪ್ ಸಾಕು. ಮಳೆಗಾಲದ ಅಂಗಳದಲ್ಲಿ ಜಾಕ್ ಇಡುವುದಾದರೆ ಕೆಳಗೆ ದಪ್ಪ ಹಲಗೆ ಹಾಕಿ, ಸ್ಟ್ಯಾಂಡ್ ಕೊಡದೆ ಅಡಿಗೆ ನುಗ್ಗಬೇಡಿ.

ಟ್ಯಾಪೆಟ್ ಈಗಲೂ ನಾನೇ ಮಾಡುತ್ತೇನೆ. ಕವರ್ ಬಿಚ್ಚಿದ ಮೇಲೆ ಎಕ್ಸಾಸ್ಟ್ ರಾಕರಿಗೆಲ್ಲ ಚಾಕ್‌ನಲ್ಲಿ ಗುರುತು ಹಾಕಿ, ಆಮೇಲೆ ಪುಸ್ತಕ ತೆರೆಯುವುದು.