ದೋಷಾರೋಪ ಪಟ್ಟಿಯಂತಾದ ಪ್ರಬಂಧ

ಸಂಶೋಧನೆಗೆ ಸೇರಿದ ಪೊಲೀಸರು, ಜೈಲು ಅಧಿಕಾರಿಗಳು, ವಕೀಲರು ಆಪ್ತಸಮಾಲೋಚಕಿಯಾದ ನನ್ನ ಬಳಿ ಬರುವುದು ನಿದ್ದೆಗೇಡಿನ ದೂರು ಹೊತ್ತು. ಕೆದಕಿದರೆ ಹೊರಬೀಳುವುದು ಗೈಡ್ ಮತ್ತೆ ಮತ್ತೆ ವಾಪಸು ಕಳಿಸಿದ ಪ್ರಬಂಧದ ಅಧ್ಯಾಯ. ಗುರುತು ಮರೆಸಿ ಹೇಳುತ್ತಿರುವ ಈ ಪ್ರಕರಣವೂ ಅಂಥದ್ದೇ.

ಇವರು ತನಿಖೆಯಲ್ಲಿ ಪಳಗಿದ ಅಧಿಕಾರಿ. "ಮೇಡಂ, ನಾನು ಬರೆದ ವರದಿಗಳನ್ನು ನ್ಯಾಯಾಲಯಗಳೇ ಒಪ್ಪಿವೆ. ಈಗ ಗೈಡ್ ನನಗೆ ಬರೆಯಲು ಬರುವುದಿಲ್ಲ ಎನ್ನುತ್ತಾರೆ" ಎಂದರು. ನಿದ್ದೆ ಕೆಡಿಸಿದ್ದು ಈ ಅವಮಾನ. ಮುಂದಿನ ಭೇಟಿಗೆ ಆ ಅಧ್ಯಾಯವನ್ನೇ ತನ್ನಿ ಎಂದೆ.

ಅಂದಿನ ಸಮಯವೆಲ್ಲ ಒಂದೇ ವಾಕ್ಯಕ್ಕೆ ಹೋಯಿತು: "ಈ ಪ್ರದೇಶದ ಯುವಕರಲ್ಲಿ ಕಳ್ಳತನದ ಪ್ರವೃತ್ತಿ ಹೆಚ್ಚಿರುವುದು ಕಂಡುಬಂದಿದೆ." ಎಲ್ಲಿ ಕಂಡುಬಂತು, ಯಾರಿಗೆ ಎಂದು ಕೇಳಿದೆ. ಬಂಧನದ ದಾಖಲೆಗಳಲ್ಲಿ ಎಂದರು. ಹಾಗಿದ್ದರೆ ಹೆಚ್ಚಿದ್ದು ಬಂಧನವಲ್ಲವೇ, ಪ್ರವೃತ್ತಿ ಎಲ್ಲಿಂದ ಬಂತು? ಗಸ್ತು ಬಿಗಿಯಾದರೂ ಬಂಧನ ಏರುತ್ತದಲ್ಲ? ಬಂಧಿತರಲ್ಲಿ ಎಷ್ಟು ಮಂದಿಗೆ ಶಿಕ್ಷೆಯಾಯಿತು? ಅವರ ದಾಖಲೆಯಲ್ಲಿ ಅದು ಇರಲಿಲ್ಲ. ಕೊನೆಗೆ ಪೆನ್ಸಿಲ್ ಹಿಡಿದು ತಾವೇ ತಿದ್ದಿದರು: "ಈ ಅವಧಿಯಲ್ಲಿ ಪೊಲೀಸರು ಕಳ್ಳತನದ ಆರೋಪದ ಮೇಲೆ ಹೆಚ್ಚು ಯುವಕರನ್ನು ಬಂಧಿಸಿದರು." ಅದನ್ನು ಓದಿ, "ಹೀಗೆ ಬರೆದರೆ ವಾಕ್ಯದೊಳಗೆ ನಾನೂ ಬಂದುಬಿಡುತ್ತೇನಲ್ಲ ಮೇಡಂ" ಎಂದರು.

ಅಡ್ಡಿ ಇದ್ದದ್ದು ಅಲ್ಲೇ. ದೋಷಾರೋಪ ಪಟ್ಟಿ ಸಾಕ್ಷ್ಯವನ್ನೆಲ್ಲ ಒಂದು ತೀರ್ಮಾನದತ್ತ ಕೂಡಿಸುತ್ತದೆ. ಸಂಶೋಧಕ ತನ್ನ ತೀರ್ಮಾನವನ್ನು ಕೆಡವಬಲ್ಲ ಸಾಕ್ಷ್ಯವನ್ನೂ ತಾನೇ ಹುಡುಕಿ ಮುಂದಿಡಬೇಕು. ದಾಖಲೆಯ ಮಿತಿ ಒಪ್ಪಿಕೊಂಡರೆ ಇಲಾಖೆಗೆ ದ್ರೋಹವಾದಂತೆ ಎಂಬ ಅಳುಕು ಅವರಿಗಿತ್ತು. ಇದು ನಿಮ್ಮೊಬ್ಬರ ಸಮಸ್ಯೆಯಲ್ಲ ಎಂದೆ. ಠಾಣೆಯ ಪುಸ್ತಕಕ್ಕೆ ಬಾರದ ಅಪರಾಧವನ್ನು ತಿಳಿಯಲೆಂದೇ ಬ್ರಿಟನ್ 1982ರಲ್ಲಿ ಜನರನ್ನು ನೇರವಾಗಿ ಕೇಳುವ ಸಮೀಕ್ಷೆ ಆರಂಭಿಸಿತು; 2014ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ಅಂಕಿ-ಅಂಶಗಳ ಅಧಿಕೃತ ಮಾನ್ಯತೆಯನ್ನೇ, ಅವುಗಳ ವಿಶ್ವಾಸಾರ್ಹತೆಯ ಪ್ರಶ್ನೆ ಎದ್ದು, ಹಿಂದಕ್ಕೆ ಪಡೆಯಲಾಯಿತು.

ವಾಕ್ಯ ತಿದ್ದಿಸುವುದು ಗೈಡ್‌ನ ಕೆಲಸ, ನಿಮ್ಮದಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ ಅವರು ಅದೇ "ಕಂಡುಬಂದಿದೆ"ಯನ್ನು ಇನ್ನಷ್ಟು ಶಾಂತವಾಗಿ ಬರೆಯುತ್ತಿದ್ದರು, ಅಷ್ಟೇ. ನೋವು ವಾಕ್ಯದಲ್ಲಿದ್ದಾಗ ಸಲಹೆಯೂ ವಾಕ್ಯದವರೆಗೆ ಇಳಿಯಬೇಕು.

ನಾನು ಕೊಟ್ಟ ಸಲಹೆ ಇದು. ದಾಖಲೆಯನ್ನು ಯಾರು, ಯಾವ ಕೆಲಸಕ್ಕಾಗಿ ಬರೆದರು, ಅದರಿಂದ ಹೊರಗುಳಿದದ್ದೇನು ಎಂಬ ಪುಟವನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಶಿಕ್ಷೆಯಾಗುವವರೆಗೆ ಆರೋಪಿ ಆರೋಪಿಯೇ. ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಅಪರೂಪದ ಪ್ರಕರಣವಾದರೆ ದಿನಾಂಕ, ಸ್ಥಳ ಎರಡೇ ಸಾಕು, ಓದುಗ ಪತ್ತೆ ಹಚ್ಚುತ್ತಾನೆ. ಇಲಾಖೆಗೆ ಕೊಡುವ ಸಾರಾಂಶ ಚಿಕ್ಕದಿರಲಿ, ಆದರೆ ಶಿಫಾರಸು ದತ್ತಾಂಶ ಹೇಳಿದ್ದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗದಿರಲಿ. ಹಾಗೆಂದು ತನಿಖಾಧಿಕಾರಿಯ ಕಣ್ಣನ್ನು ಕಳೆದುಕೊಳ್ಳಬೇಡಿ; ಕಂಡದ್ದನ್ನು ಕಂಡಂತೆ ಬರೆಯುವ ಶಿಸ್ತನ್ನು ಇತರ ಸಂಶೋಧಕರು ಕಷ್ಟಪಟ್ಟು ಕಲಿಯುತ್ತಾರೆ.

ಒಂದನ್ನು ಮಾತ್ರ ಅವರು ಸುಲಭಕ್ಕೆ ಒಪ್ಪಲಿಲ್ಲ. ತಾನು ಇದೇ ಇಲಾಖೆಯವನು ಎಂಬುದನ್ನು ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಬರೆಯಿರಿ ಎಂದಾಗ, "ಪರೀಕ್ಷಕರು ಪಕ್ಷಪಾತ ಎನ್ನುವುದಿಲ್ಲವೇ?" ಎಂದು ಕೇಳಿದರು. ಮುಚ್ಚಿಟ್ಟದ್ದು ತಾನಾಗಿ ಬಯಲಾದರೆ ನಿಮ್ಮ ಅನುಭವದಲ್ಲಿ ಯಾರ ಮೇಲೆ ಸಂಶಯ ಹೆಚ್ಚುತ್ತದೆ, ನೀವೇ ಹೇಳಿ ಎಂದೆ. ನಕ್ಕು, ಬರೆದುಕೊಂಡರು.